ಕಡತ ಯಾರ ಕೈಗೆ ಹೋಯಿತು?

ಬರ್ಲಿನ್ನಿನ ಕಂಪನಿಯೊಂದರಲ್ಲಿ ನೌಕರರ ಸೇವಾ ಕಡತಗಳ ಉಸ್ತುವಾರಿ ನನ್ನದು. ಜರ್ಮನಿಯಲ್ಲಿ ಎಲ್ಲವೂ ಕಂಪ್ಯೂಟರಿನೊಳಗೇ ಇರುತ್ತದೆ ಎಂದು ಊರಿನಲ್ಲಿ ಅನೇಕರು ತಿಳಿದಿದ್ದಾರೆ. ಇಲ್ಲಿನವರಿಗೆ ಕಾಗದದ ಮೇಲೆ ಇನ್ನೂ ಬಲವಾದ ನಂಬಿಕೆ. ನಮ್ಮ ಕಚೇರಿಯ ಗೋಡೆಯುದ್ದಕ್ಕೂ ಕಬ್ಬಿಣದ ಬೀರು, ಅದರ ತುಂಬ ದಪ್ಪ ರಟ್ಟಿನ ಫೈಲು.

ಬೀರುವಿಗೆ ಬೀಗ ಇದ್ದೇ ಇದೆ. ನಾನು ಅದಕ್ಕಿಂತ ಮೆಚ್ಚಿದ್ದು ಒಂದು ಹಳದಿ ರಟ್ಟಿನ ತುಂಡನ್ನು. ಫೈಲು ತೆಗೆದವರು ಅದನ್ನು ಆ ಜಾಗದಲ್ಲಿ ನಿಲ್ಲಿಸಿ ತಮ್ಮ ಹೆಸರು, ದಿನಾಂಕ, ಯಾವ ಮೇಜಿಗೆ ಒಯ್ದರು ಎಂಬುದನ್ನು ಬರೆಯಬೇಕು. ಮೇಲಧಿಕಾರಿಗೂ ಇದರಿಂದ ವಿನಾಯಿತಿ ಇಲ್ಲ. ಅವಧಿ ಮುಗಿದ ಕಾಗದ ರದ್ದಿಗೆ ಹೋಗದೆ ಯಂತ್ರದಲ್ಲಿ ಚೂರಾಗುತ್ತದೆ. ಚೂರಿನ ಗಾತ್ರಕ್ಕೂ ಡಿಐಎನ್ 66399 ಎಂಬ ಜರ್ಮನ್ ಮಾನದಂಡವಿದೆ. ಅದರ ಪಿ-4 ಎಂಬ ಭದ್ರತಾ ಹಂತದಲ್ಲಿ ಒಂದು ಚೂರು 160 ಚದರ ಮಿಲಿಮೀಟರ್ ಮೀರಬಾರದು.

ಇಷ್ಟೆಲ್ಲ ಕಟ್ಟುನಿಟ್ಟಿದ್ದರೂ ಕಡತ ಯಾರದೋ ಅವರಿಗೆ ಬೀರು ಮುಚ್ಚಿಲ್ಲ. ತನ್ನ ಸೇವಾ ಕಡತ ನೋಡುವ ಹಕ್ಕನ್ನು ನೌಕರನಿಗೆ ಕಾನೂನೇ ಕೊಟ್ಟಿದೆ. ನೌಕರರ ಮಂಡಳಿಯ ಸದಸ್ಯರೊಬ್ಬರನ್ನು ಜೊತೆಗೆ ಕರೆತರಲೂಬಹುದು. ಕಡತದ ವಿಷಯದಲ್ಲಿ ಈ ದೇಶಕ್ಕೆ ನೋವಿನ ಚರಿತ್ರೆಯೂ ಇದೆ. ಪೂರ್ವ ಜರ್ಮನಿಯ ಗುಪ್ತ ಪೊಲೀಸ್ ಪಡೆ ಸ್ಟಾಸಿ ತನ್ನದೇ ಜನರ ಬಗ್ಗೆ ನೂರು ಕಿಲೋಮೀಟರಿಗೂ ಉದ್ದದ ಕಡತ ಪೇರಿಸಿತ್ತು. 1989ರಲ್ಲಿ ಆಡಳಿತ ಕುಸಿಯುವಾಗ ಸಿಬ್ಬಂದಿ ಅವನ್ನು ಹರಿದು ಚೀಲಗಳಿಗೆ ತುಂಬತೊಡಗಿದರು. ಜನರೇ ನುಗ್ಗಿ ಅದನ್ನು ತಡೆದರು. 1992ರ ಜನವರಿಯಿಂದ ಪ್ರತಿಯೊಬ್ಬರೂ ತಮ್ಮ ಕಡತ ಓದಬಹುದಾಯಿತು, ಅದರಲ್ಲಿ ಬರುವ ಇತರ ಸಂತ್ರಸ್ತರ ಹೆಸರುಗಳನ್ನು ಮಸಿಯಿಂದ ಮುಚ್ಚಿದ ಮೇಲೆ.

ನಮ್ಮ ಕರ್ನಾಟಕದ ಸರ್ಕಾರಿ ಕಚೇರಿಗಳ ಕಡತ ಪದ್ಧತಿ ಜರ್ಮನಿಯದಕ್ಕಿಂತ ಕೀಳು ಎಂದು ನಾನು ಒಪ್ಪುವುದಿಲ್ಲ. ಟಿಪ್ಪಣಿ ಹಾಳೆ, ಪುಟಪುಟಕ್ಕೂ ಸಂಖ್ಯೆ, ಕಡತ ಯಾವ ಮೇಜಿನಿಂದ ಯಾವ ಮೇಜಿಗೆ ಹೋಯಿತೆಂದು ಬರೆಯುವ ವಹಿ, ಎಲ್ಲವೂ ನಮ್ಮಲ್ಲಿವೆ. ಇಲ್ಲಿನ ಫೈಲಿನ ಕ್ಲಿಪ್ ಎತ್ತಿದರೆ ಹಾಳೆ ಸದ್ದಿಲ್ಲದೆ ಹೊರಬರುತ್ತದೆ. ನಮ್ಮಲ್ಲಿ ಪುಟ ಸಂಖ್ಯೆಯೇ ಕಳವನ್ನು ಹಿಡಿದುಕೊಡುತ್ತದೆ. ಸಂಖ್ಯೆ ಹಾಕಿದ್ದರೆ, ವಹಿ ತುಂಬಿದ್ದರೆ!

ನಮ್ಮ ಜಮೀನಿನ ಪೋಡಿ (ಅಳತೆ ಮಾಡಿ ಹಿಸ್ಸೆ ಬೇರ್ಪಡಿಸುವ) ಕಡತಕ್ಕಾಗಿ ಅಪ್ಪ ತಾಲ್ಲೂಕು ಕಚೇರಿಗೆ ಅಲೆದರು. ‘ಕಡತ ಸಿಗುತ್ತಿಲ್ಲ’ ಎಂಬುದೇ ಪ್ರತಿ ಸಲದ ಉತ್ತರ. ಅದೇ ಕಡತದ ಜೆರಾಕ್ಸ್ ಪ್ರತಿ ಕಚೇರಿಯ ಹೊರಗಿನ ಮಧ್ಯವರ್ತಿಯ ಕೈಯಲ್ಲಿತ್ತು. ನನ್ನನ್ನು ಕೆರಳಿಸುವುದು ಇದು. ರೆಕಾರ್ಡ್ ರೂಮಿನ ಬಾಗಿಲು ಜಮೀನಿನ ಒಡೆಯನಿಗೆ ಮುಚ್ಚಿ, ದಲ್ಲಾಳಿಗೆ ತೆರೆದಿದೆ ಎಂದರೆ ಆ ಬೀಗ ಯಾರನ್ನು ಕಾಯುತ್ತಿದೆ?

ಕಡತ ಕಾಣೆಯಾಗಿದೆ ಎಂದಷ್ಟೇ ಹೇಳಿ ಮಾಹಿತಿ ಹಕ್ಕಿನಿಂದ ನುಣುಚಿಕೊಳ್ಳುವಂತಿಲ್ಲ, ಹುಡುಕಬೇಕು, ಹೊಣೆಗಾರರನ್ನು ಗುರುತಿಸಬೇಕು ಎಂದು ದೆಹಲಿ ಹೈಕೋರ್ಟ್ 2013ರಲ್ಲೇ ಹೇಳಿದೆ. ಕರ್ನಾಟಕದಲ್ಲಿ ಈಗ ಭೂ ಸುರಕ್ಷಾ ಯೋಜನೆಯಡಿ ಹಳೆಯ ಭೂದಾಖಲೆಗಳನ್ನು ಸ್ಕ್ಯಾನ್ ಮಾಡುತ್ತಿದ್ದಾರೆ. ಒಳ್ಳೆಯ ಕೆಲಸ, ಬೇಗ ಮುಗಿಯಲಿ. ಆದರೆ ಸ್ಕ್ಯಾನರಿನವರೆಗೆ ಕಾಗದವನ್ನು ಒಯ್ಯುವುದು ಮನುಷ್ಯನ ಕೈ. ಆ ಕೈ ಯಾರದೆಂದು ಇಂದೇ ವಹಿಯಲ್ಲಿ ದಾಖಲಾಗಬೇಕು. ಆ ಪುಟವನ್ನು ಅರ್ಜಿದಾರ ಕೇಳಿದಾಗ ತೋರಿಸಬೇಕು. ಇದಕ್ಕೆ ಹೊಸ ಅನುದಾನವೂ ಬೇಡ, ಟೆಂಡರೂ ಬೇಡ. ತಹಶೀಲ್ದಾರರ ಒಂದು ಆದೇಶ ಸಾಕು.