ಲೈನ್ ಕೋಚ್ ಬರುವ ಮೊದಲೇ ಬಂದ ತೀರ್ಪು

ಈ ಚಳಿಗಾಲದ ಒಂದು ಮಂಗಳವಾರ ಸಂಜೆ ಆರು ಗಂಟೆ ಹತ್ತು ನಿಮಿಷಕ್ಕೆ ನಮ್ಮ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡವು ತನ್ನ ಹೊಸ ಆಫೆನ್ಸಿವ್ ಲೈನ್ ಕೋಚ್ ಯಾರೆಂದು ಪ್ರಕಟಿಸಿತು. ಆರು ಇಪ್ಪತ್ತಕ್ಕೆ ಆತ ಅಯೋಗ್ಯನೆಂದು ತೀರ್ಮಾನವಾಗಿತ್ತು. ಆ ಹತ್ತು ನಿಮಿಷಗಳಲ್ಲಿ ನಾನು ಒಲೆಯ ಮೇಲಿನ ಕುಕ್ಕರ್ ಇಳಿಸಿ, ಆತ ಹಿಂದೆ ಎಲ್ಲೆಲ್ಲಿ ಕೆಲಸ ಮಾಡಿದ್ದನೆಂಬ ಎರಡು ಸಾಲು ಓದಿದ್ದೆ, ಅಷ್ಟೇ. ಅಷ್ಟರಲ್ಲಿ ನನ್ನ ಪರಿಚಯದ ಅಭಿಮಾನಿಗಳು ಆತನ ಜಾತಕ ಬರೆದು, ಫಲ ಹೇಳಿ, ಮುಂದಿನ ವರ್ಷ ಯಾವ ತಿಂಗಳಲ್ಲಿ ಆತನನ್ನು ಮನೆಗೆ ಕಳಿಸಬೇಕೆಂಬ ಮುಹೂರ್ತವನ್ನೂ ಇಟ್ಟಿದ್ದರು.

ಅಮೆರಿಕದ ಮಧ್ಯಪಶ್ಚಿಮದ ಈ ಊರಿಗೆ ನಾನು ಎಂ.ಎಸ್. ಓದಲು ಬಂದು ಹದಿನೇಳು ವರ್ಷಗಳಾದವು. ಓದು ಮುಗಿಯಿತು, ಕೆಲಸ ಸಿಕ್ಕಿತು, ಮನೆಯಾಯಿತು, ಆದರೆ ಕಾಲೇಜು ಫುಟ್‌ಬಾಲಿನ ಹುಚ್ಚು ಬಿಡಲಿಲ್ಲ. ಊರಿನಲ್ಲಿರುವವರು ಫುಟ್‌ಬಾಲ್ ಎಂದೊಡನೆ ಕಾಲಿನಿಂದ ಒದೆಯುವ ಆಟವನ್ನು ನೆನೆಯುತ್ತಾರೆ, ಆದ್ದರಿಂದ ಒಂದು ಮಾತು ಹೇಳಿಬಿಡುತ್ತೇನೆ. ಇದು ಹನ್ನೊಂದು ಜನ ಹನ್ನೊಂದು ಜನರಿಗೆ ಡಿಕ್ಕಿ ಹೊಡೆಯುವ, ಮೊಟ್ಟೆಯಾಕಾರದ ಚೆಂಡಿನ ಆಟ. ಚೆಂಡು ಹಿಡಿದ ಕ್ವಾರ್ಟರ್‌ಬ್ಯಾಕ್‌ನ ಮುಂದೆ ಐದು ಜನ ದೈತ್ಯರು ಕೋಟೆಗೋಡೆಯಂತೆ ನಿಲ್ಲುತ್ತಾರೆ. ಅದೇ ಆಫೆನ್ಸಿವ್ ಲೈನ್. ಅವರಲ್ಲಿ ಎಡತುದಿಯವನಾದ ಲೆಫ್ಟ್ ಟ್ಯಾಕಲ್, ಬಲಗೈಯಿಂದ ಎಸೆಯುವ ಕ್ವಾರ್ಟರ್‌ಬ್ಯಾಕ್‌ನ ಬೆನ್ನು ಕಾಯುವವನು. ಈ ಐವರಿಗೆ ಪಾಠ ಹೇಳುವವನೇ ಲೈನ್ ಕೋಚ್.

ನನ್ನ ಸೀಸನ್ ಟಿಕೆಟ್ ಗೋಲ್‌ಕಂಬದ ಹಿಂದೆ, ಮೇಲಿನ ಅಟ್ಟದಲ್ಲಿದೆ. ಅಗ್ಗವೆಂದು ಅಲ್ಲಿ ಕೊಂಡೆ ಎಂಬುದು ನಿಜ, ಆದರೂ ಆ ಅಗ್ಗಕ್ಕೂ ಮೊದಲು ಕಡ್ಡಾಯ ‘ದೇಣಿಗೆ’ ಕೊಡಬೇಕು, ಮತ್ತು ಆ ದೇಣಿಗೆಗೆ 2018ರಿಂದ ತೆರಿಗೆ ವಿನಾಯಿತಿಯೂ ಇಲ್ಲ. ಅಲ್ಲಿಂದ ಚೆಂಡು ಎಷ್ಟು ಗಜ ಮುಂದೆ ಹೋಯಿತೆಂಬುದು ಸರಿಯಾಗಿ ತಿಳಿಯುವುದಿಲ್ಲ, ಆದರೆ ಆ ಐವರ ಪಾದಗಳು ಮಾತ್ರ ಅಂಗೈ ಗೆರೆಯಷ್ಟು ಸ್ಪಷ್ಟವಾಗಿ ಕಾಣುತ್ತವೆ. ಕಳೆದ ಋತುವಿನ ಅಷ್ಟೂ ಶನಿವಾರ ನಾನು ನೋಡಿದ್ದು ಒಂದೇ ದೃಶ್ಯ: ಹತ್ತು ಗಜ ಮುಂದೆ ಸಾಗಲು ಸಿಗುವ ನಾಲ್ಕರಲ್ಲಿ ಮೂರನೆಯ ಯತ್ನದಲ್ಲಿ ನಮ್ಮ ಲೆಫ್ಟ್ ಟ್ಯಾಕಲ್ ಎಡಗಾಲನ್ನು ಬೇಕಾದುದಕ್ಕಿಂತ ಒಂದು ಗೇಣು ಹೆಚ್ಚು ಹಿಂದಕ್ಕೆ ಹಾಕುತ್ತಿದ್ದ, ಅದರೊಂದಿಗೆ ಆತನ ಸೊಂಟ ಬಾಗಿಲಿನಂತೆ ತೆರೆದುಕೊಳ್ಳುತ್ತಿತ್ತು, ಎದುರಾಳಿ ಆ ತೆರೆದ ಬಾಗಿಲಿನೊಳಗೆ ನುಗ್ಗಿ ನಮ್ಮ ಕ್ವಾರ್ಟರ್‌ಬ್ಯಾಕ್‌ನನ್ನು ನೆಲಕ್ಕೆ ಕೆಡವುತ್ತಿದ್ದ. ಸೆಪ್ಟೆಂಬರಿನಲ್ಲಿ ಮಾಡಿದ ಆ ತಪ್ಪನ್ನೇ ಹುಡುಗ ನವೆಂಬರಿನಲ್ಲೂ ಮಾಡಿದನೆಂದರೆ, ಅದನ್ನು ತಿದ್ದಬೇಕಾದವನು ತಿದ್ದಲಿಲ್ಲವೆಂದೇ ಅರ್ಥ. ಹಳೆಯ ಲೈನ್ ಕೋಚ್ ಹೋದದ್ದಕ್ಕೆ ನನಗೆ ಬೇಸರವಾಗದಿರಲು ಕಾರಣ ಇದು.

ಹಾಗಿದ್ದಾಗ ಹೊಸಬನ ಬಗ್ಗೆ ಕೇಳಬೇಕಾದ ಮೊದಲ ಪ್ರಶ್ನೆ, ಆತ ಪಾದ ತಿದ್ದಬಲ್ಲನೇ ಎಂಬುದು. ಖಾಲಿ ಹುದ್ದೆಯ ಬಗ್ಗೆ ಮೂರು ವಾರ ನಡೆದ ರಂಪದಲ್ಲಿ ಆ ಪ್ರಶ್ನೆಯನ್ನು ಒಬ್ಬನಾದರೂ ಕೇಳಿದ್ದನ್ನು ನಾನು ಕಾಣಲಿಲ್ಲ. ಮೊದಲ ವಾರವೆಲ್ಲ ವಿಮಾನದ ಹಿಂದೆ ಹೋಯಿತು. ಶ್ರೀಮಂತ ದಾನಿಯೊಬ್ಬರ ಖಾಸಗಿ ಜೆಟ್‌ನ ಬಾಲದ ಮೇಲಿನ ನೋಂದಣಿ ಸಂಖ್ಯೆಯನ್ನು ಹಿಡಿದುಕೊಂಡು, ಹೊಸ ಕೋಚ್‌ನನ್ನು ಕರೆತರಲು ಅದು ಯಾವ ಊರಿನಲ್ಲಿ ಇಳಿಯಿತೆಂದು ಹಗಲಿರುಳು ನೋಡುವ ಜನ ಈ ದೇಶದಲ್ಲಿದ್ದಾರೆ. ಅವರಲ್ಲಿ ಒಬ್ಬ ನನ್ನ ಶಿವಮೊಗ್ಗದ ಗೆಳೆಯನೇ ಆಗಿದ್ದಾನೆ. ಪಂದ್ಯದ ದಿನ ಪಾರ್ಕಿಂಗ್ ಜಾಗದಲ್ಲಿ ಎಲ್ಲರೂ ಬರ್ಗರ್ ಸುಡುವಾಗ ಹಾಟ್‌ಬಾಕ್ಸಿನಲ್ಲಿ ಬಿಸಿಬೇಳೆಬಾತ್ ತಂದು ಹಂಚುವ ಈ ಸಂಭಾವಿತ ಮನುಷ್ಯ, ಮಧ್ಯರಾತ್ರಿ ಒಂದೂವರೆಗೆ ನನಗೆ ಫೋನ್ ಮಾಡಿ, “ವಿಮಾನ ಟೆಕ್ಸಸ್‌ನಲ್ಲಿ ಇಳೀತು ಕಣೋ, ಆಯ್ತು, ಇವನೇ ಅಂತ ಬರ್ಕೋ” ಎಂದ. ಮರುದಿನ ತಿಳಿದದ್ದೇನೆಂದರೆ, ಆ ದಾನಿಯ ಮಗಳು ಟೆಕ್ಸಸ್‌ನಲ್ಲಿ ಓದುತ್ತಾಳೆ.

ಎರಡನೆಯ ವಾರ ನಕ್ಷತ್ರ ಎಣಿಸುವುದರಲ್ಲಿ ಕಳೆಯಿತು. ಪ್ರೌಢಶಾಲೆಯ ಆಟಗಾರರಿಗೆ ಎರಡರಿಂದ ಐದರವರೆಗೆ ನಕ್ಷತ್ರ ಕೊಡುವ ಪದ್ಧತಿ ಇಲ್ಲಿದೆ, ಮತ್ತು ಯಾವ ಕೋಚ್ ಎಷ್ಟು ನಕ್ಷತ್ರದ ಹುಡುಗರನ್ನು ಒಲಿಸಿ ತಂದನೆಂಬುದೇ ಆತನ ಯೋಗ್ಯತೆಯ ಏಕೈಕ ಅಳತೆಗೋಲು ಎಂದು ನಂಬಿದವರ ಸಂಖ್ಯೆ ದೊಡ್ಡದು. ಹುಡುಗರನ್ನು ಕರೆತರುವುದು ಮುಖ್ಯವಲ್ಲವೆಂದು ನಾನು ಹೇಳುವುದಿಲ್ಲ. ಆದರೆ ದೇಶದ ಅತ್ಯುತ್ತಮ ಆಫೆನ್ಸಿವ್ ಲೈನಿಗೆ, ಒಬ್ಬ ಆಟಗಾರನಿಗಲ್ಲದೆ ಇಡೀ ಸಾಲಿಗೆ, ಕೊಡುವ ಜೋ ಮೂರ್ ಪ್ರಶಸ್ತಿಯನ್ನು 2024ರಲ್ಲಿ ಗೆದ್ದದ್ದು ಆರ್ಮಿ ತಂಡ. ಸೈನ್ಯಾಧಿಕಾರಿಗಳಾಗಲು ಓದುವ ಆ ಹುಡುಗರ ಹಿಂದೆ ನಕ್ಷತ್ರ ಎಣಿಸುವವರು ಯಾರೂ ಅಲೆದಿರಲಿಲ್ಲ. ಆರ್ಮಿಯವರು ಹೆಚ್ಚಾಗಿ ಚೆಂಡು ಹಿಡಿದು ಓಡುವ ಆಟವನ್ನೇ ಆಡುತ್ತಾರೆ, ಅವರ ಲೈನ್‌ನ ಕೆಲಸವೇ ಬೇರೆ ಎಂಬ ಆಕ್ಷೇಪ ನ್ಯಾಯವಾದುದೇ. ಅದನ್ನಾದರೂ ಯಾರಾದರೂ ಎತ್ತಿದ್ದರೆ ನಾನು ಕೂತು ವಾದಿಸಿ ಸಂತೋಷಪಡುತ್ತಿದ್ದೆ. ಬಂದ ಉತ್ತರ, “ಆರ್ಮಿ ವಿಷಯ ಯಾಕೆ ಈಗ?” ಎಂದಷ್ಟೇ.

ಪ್ರಕಟಣೆಯಾದ ಮೇಲಿನ ಕೂಗು ಇನ್ನೂ ಅಸಹ್ಯವಾಗಿತ್ತು. ಹೊಸಬ ಸಣ್ಣ ವಿಶ್ವವಿದ್ಯಾಲಯವೊಂದರಿಂದ ಬಂದವನು, ಹೆಸರು ಯಾರಿಗೂ ಗೊತ್ತಿಲ್ಲ, ಆದ್ದರಿಂದ ಕೆಲಸವೂ ಗೊತ್ತಿರಲಾರದು ಎಂಬುದು ಬಹುಮತದ ತರ್ಕ. ಹಾಗಾದರೆ 2019ರ ಜನವರಿಯಲ್ಲಿ ಲೂಸಿಯಾನ ಸ್ಟೇಟ್ ತಂಡವು ಆಕ್ರಮಣ ವಿಭಾಗದ ಸಹಾಯಕ ಕೋಚ್ ಆಗಿ ಜೋ ಬ್ರೇಡಿಯನ್ನು ಕರೆತಂದಾಗ ಆತನ ಹೆಸರು ಎಷ್ಟು ಜನರಿಗೆ ಗೊತ್ತಿತ್ತು? ಇಪ್ಪತ್ತೊಂಬತ್ತು ವರ್ಷದ ಆತ ಅದಕ್ಕೂ ಮುಂಚೆ ನ್ಯೂ ಆರ್ಲಿಯನ್ಸ್ ಸೇಂಟ್ಸ್ ಎಂಬ ವೃತ್ತಿಪರ ತಂಡದಲ್ಲಿ ಕಿರಿಯ ಸಹಾಯಕನಾಗಿದ್ದವನು. ಆ ವರ್ಷ ತಂಡದ ಕ್ವಾರ್ಟರ್‌ಬ್ಯಾಕ್ ಜೋ ಬರೋ ಅಂಕ ತರುವ 60 ಟಚ್‌ಡೌನ್ ಪಾಸ್ ಎಸೆದ, ತಂಡ ಹದಿನೈದಕ್ಕೆ ಹದಿನೈದು ಪಂದ್ಯ ಗೆದ್ದು ರಾಷ್ಟ್ರೀಯ ಚಾಂಪಿಯನ್ ಆಯಿತು, ಬ್ರೇಡಿಗೆ ದೇಶದ ಅತ್ಯುತ್ತಮ ಸಹಾಯಕ ಕೋಚ್‌ಗೆ ಸಲ್ಲುವ ಬ್ರೋಯ್ಲ್ಸ್ ಪ್ರಶಸ್ತಿ ಬಂತು. ಅದರ ಮರುವರ್ಷವೇ ಅದೇ ತಂಡ ರಕ್ಷಣಾ ವಿಭಾಗಕ್ಕೆ ಎಲ್ಲರಿಗೂ ಗೊತ್ತಿದ್ದ ಹೆಸರನ್ನು ಆರಿಸಿತು. 2007ರಲ್ಲಿ ಅಲ್ಲಿಯೇ ಚಾಂಪಿಯನ್‌ಶಿಪ್ ಕಂಡಿದ್ದ ಬೋ ಪೆಲೀನಿ, ವರ್ಷಕ್ಕೆ ಸುಮಾರು 23 ಲಕ್ಷ ಡಾಲರ್ ಸಂಬಳಕ್ಕೆ, ಮೂರು ವರ್ಷದ ಕರಾರಿಗೆ ಮರಳಿ ಬಂದರು. ಮೊದಲ ಪಂದ್ಯದಲ್ಲೇ ಮಿಸ್ಸಿಸಿಪ್ಪಿ ಸ್ಟೇಟ್‌ನ ಕ್ವಾರ್ಟರ್‌ಬ್ಯಾಕ್ ಅವರ ರಕ್ಷಣೆಯ ಮೇಲೆ 623 ಗಜ ಎಸೆದು ಆ ಎರಡೂ ತಂಡಗಳು ಆಡುವ ಆಗ್ನೇಯ ವಲಯದ (ಎಸ್‌ಇಸಿ) ದಾಖಲೆಯನ್ನೇ ಮುರಿದ. ವರ್ಷ ತುಂಬುವುದರೊಳಗೆ ಪೆಲೀನಿಯವರನ್ನು ಕಳಿಸಿಕೊಟ್ಟರು.

ಪ್ರಶಸ್ತಿ ಗೆದ್ದವನನ್ನೇ ತರಬೇಕಿತ್ತೆಂದು ಕೂಗಿದವರಿಗೂ ಒಂದು ಮಾತಿದೆ. ಮಿಷಿಗನ್‌ನಲ್ಲಿದ್ದು 2021ರ ಬ್ರೋಯ್ಲ್ಸ್ ಪ್ರಶಸ್ತಿ ಪಡೆದ ಆಕ್ರಮಣ ವಿಭಾಗದ ಕೋಚ್ ಜಾಶ್ ಗ್ಯಾಟಿಸ್‌ರನ್ನು ಮಯಾಮಿ ತಂಡವು ಮರುವರ್ಷ ಕರೆದುಕೊಂಡಿತು. ತಂಡ ಐದು ಗೆದ್ದು ಏಳು ಸೋತಿತು, ಗ್ಯಾಟಿಸ್ ಒಂದೇ ಋತುವಿಗೆ ಕೆಲಸ ಕಳೆದುಕೊಂಡರು. ಇನ್ನು ಒಹಾಯೋ ಸ್ಟೇಟ್ 2025ರ ಆರಂಭದಲ್ಲಿ ಮ್ಯಾಟ್ ಪ್ಯಾಟ್ರಿಷಿಯಾರನ್ನು ರಕ್ಷಣಾ ವಿಭಾಗಕ್ಕೆ ತಂದಾಗ, ವೃತ್ತಿಪರ ತಂಡ ಡೆಟ್ರಾಯಿಟ್ ಲಯನ್ಸ್‌ನ ಮುಖ್ಯ ಕೋಚ್ ಆಗಿ ಅವರು 13 ಗೆದ್ದು 29 ಸೋತದ್ದನ್ನು ತೋರಿಸಿ ಅಪಹಾಸ್ಯ ಮಾಡಿದವರಿಗೆ ಲೆಕ್ಕವಿರಲಿಲ್ಲ. ಆಗಸ್ಟ್ 30ರಂದು, ಋತುವಿನ ಮೊದಲ ಪಂದ್ಯದಲ್ಲಿ, ರಾಷ್ಟ್ರೀಯ ಶ್ರೇಯಾಂಕ ಪಟ್ಟಿಯಲ್ಲಿ ಮೊದಲ ಸ್ಥಾನದಲ್ಲಿದ್ದ ಟೆಕ್ಸಸ್ ತಂಡವನ್ನು ಅವರ ರಕ್ಷಣೆ ಏಳೇ ಅಂಕಗಳಿಗೆ ಕಟ್ಟಿಹಾಕಿತು. ಅಪಹಾಸ್ಯ ಮಾಡಿದವರು ಆ ರಾತ್ರಿ ತಮ್ಮ ಮಾತನ್ನು ಹಿಂತೆಗೆದುಕೊಂಡರೇ? ಅವರು ಅಷ್ಟರಲ್ಲಿ ಬೇರೊಬ್ಬ ಕೋಚ್‌ನ ತಲೆ ಕೇಳುತ್ತಿದ್ದರು.

ನಾನೇನು ಹಾಲಿನಲ್ಲಿ ತೊಳೆದವನಲ್ಲ. ಈಗ ಹೋದ ಹಳೆಯ ಲೈನ್ ಕೋಚ್ ಬಂದಾಗ, ಆತ ವೃತ್ತಿಪರ ತಂಡದಿಂದ ಬಂದವನೆಂಬ ಒಂದೇ ಕಾರಣಕ್ಕೆ ‘ನಮ್ಮ ಕಷ್ಟ ಕಳೆಯಿತು’ ಎಂದು ಕುಣಿದವರ ಮೊದಲ ಸಾಲಿನಲ್ಲಿ ನಾನಿದ್ದೆ. ಶಿವಮೊಗ್ಗದ ಗೆಳೆಯ ಅದನ್ನು ಮರೆಯಲು ಬಿಡುವುದಿಲ್ಲ. ಆದರೆ ತಪ್ಪಿದ್ದೇನೆಂದು ಗೊತ್ತಾದ ಮೇಲೆ ಎಲ್ಲಿ ತಪ್ಪಿದೆನೆಂದು ಹುಡುಕಿದ್ದರಿಂದಲೇ ನಾನು ಪಾದ ನೋಡಲು ಕಲಿತೆ.

ಇದಕ್ಕಿಂತ ಹೊಟ್ಟೆ ಉರಿಯುವ ಸಂಗತಿಯೆಂದರೆ, ಇಷ್ಟೆಲ್ಲ ಗಂಟಲು ಹರಿದುಕೊಂಡವರು ನಿಜವಾಗಿ ಕೂಗಬೇಕಾದ ಕಡೆ ಬಾಯಿ ಮುಚ್ಚಿ ಕೂತದ್ದು. ಈ ಹುದ್ದೆಗೆ ಮುಖ್ಯ ಕೋಚ್ ಎಷ್ಟು ಜನರನ್ನು ಸಂದರ್ಶಿಸಿದರು? ಹೊಸಬ ಹಿಂದೆ ಮುಖ್ಯ ಕೋಚ್ ಜೊತೆ ಎರಡು ಕಡೆ ಕೆಲಸ ಮಾಡಿದ್ದನೆಂಬುದು ನೇಮಕಕ್ಕೆ ಕಾರಣವೋ, ಕಾಕತಾಳೀಯವೋ? ನೇಮಕ ಕೈಕೊಟ್ಟರೆ ಉಳಿದ ವರ್ಷಗಳ ಸಂಬಳ ಕೊಟ್ಟು ಕಳಿಸುವ ಹೊರೆ ಯಾರ ತಲೆಗೆ? ಅದು ಮುಂದಿನ ವರ್ಷ ನನ್ನ ‘ದೇಣಿಗೆ’ಯಲ್ಲಿಯೇ ಬಂದು ಕೂರುತ್ತದೆ. ಅಯೋವಾ ತಂಡದಲ್ಲಿ ಮುಖ್ಯ ಕೋಚ್ ಕರ್ಕ್ ಫೆರೆಂಟ್ಸ್ ಅವರ ಮಗ ಬ್ರಯನ್ ಆಕ್ರಮಣ ವಿಭಾಗದ ಮುಖ್ಯಸ್ಥನಾಗಿದ್ದ. ಅಪ್ಪನ ಕೈಕೆಳಗೆ ಮಗ ಕೆಲಸ ಮಾಡಬಾರದೆಂಬ ನಿಯಮ ಇದ್ದುದರಿಂದ, ಕಾಗದದ ಮೇಲೆ ಆತ ಕ್ರೀಡಾ ನಿರ್ದೇಶಕರಿಗೆ ಉತ್ತರ ಕೊಡಬೇಕಿತ್ತು. ತಂಡದ ಅಂಕ ಪಾತಾಳಕ್ಕಿಳಿದ ಮೇಲೆ, 2023ರಲ್ಲಿ ಆತನ ಸಂಬಳವನ್ನು 8 ಲಕ್ಷ 50 ಸಾವಿರ ಡಾಲರಿಗೆ ಇಳಿಸಿ, ಪಂದ್ಯಕ್ಕೆ ಸರಾಸರಿ 25 ಅಂಕ ಬರಬೇಕು ಮತ್ತು ಏಳು ಪಂದ್ಯ ಗೆಲ್ಲಬೇಕು ಎಂದು ಕರಾರಿನಲ್ಲೇ ಬರೆದರು. ರಕ್ಷಣಾ ವಿಭಾಗ ಗಳಿಸಿದ ಅಂಕವೂ ಆ ಲೆಕ್ಕಕ್ಕೆ ಸೇರುತ್ತಿತ್ತು, ಆದರೂ ಸರಾಸರಿ 25ರ ಹತ್ತಿರವೂ ಸುಳಿಯಲಿಲ್ಲ. ಅಕ್ಟೋಬರಿನಲ್ಲೇ ಆತನಿಗೆ ಮುಂದಿನ ವರ್ಷ ಜಾಗವಿಲ್ಲವೆಂದು ತಿಳಿಸಿದರು. ಮಜಾ ಏನೆಂದರೆ, ಅದೇ ವರ್ಷ ಅದೇ ತಂಡದ ರಕ್ಷಣಾ ವಿಭಾಗದ ಫಿಲ್ ಪಾರ್ಕರ್‌ಗೆ ಬ್ರೋಯ್ಲ್ಸ್ ಪ್ರಶಸ್ತಿ ಬಂತು. ಅಯೋವಾದ ಅಭಿಮಾನಿಗಳು ಕೊನೆಗಾದರೂ ಅಂಕಿ ಹಿಡಿದು ಪ್ರಶ್ನೆ ಕೇಳಿದರು, ಕರಾರು ಸಾರ್ವಜನಿಕವಾಗಿತ್ತು, ಜನ ಪ್ರತಿ ಶನಿವಾರ ಕೂಡಿಸಿ ಕಳೆದು ನೋಡುತ್ತಿದ್ದರು. ನಮ್ಮವರು ಕೂಡಿಸುವುದು ನಕ್ಷತ್ರಗಳನ್ನು ಮಾತ್ರ.

ಇನ್ನೊಂದನ್ನು ಯಾರೂ ಗಮನಿಸಲಿಲ್ಲ. ವಸಂತಕಾಲದಲ್ಲಿ ತಂಡಕ್ಕೆ ನಿಯಮದ ಪ್ರಕಾರ ಸಿಗುವುದು ಹದಿನೈದು ದಿನಗಳ ಅಭ್ಯಾಸ. ಎರಡು ವರ್ಷ ತಪ್ಪು ಕಲಿತ ಐದು ಜನರ ಪಾದಗಳನ್ನು ಆ ಹದಿನೈದು ದಿನಗಳಲ್ಲಿ ಸರಿದಾರಿಗೆ ತರಬೇಕು. ಹುಡುಗರು ತಂಡ ಬದಲಿಸುವ ಅವಧಿಯೂ ಜನವರಿಯಲ್ಲಿಯೇ ಮುಗಿದುಹೋಯಿತು. ಮುಖ್ಯ ಕೋಚ್ ಹೋದರೆ ಆಟಗಾರರಿಗೆ ಹೊರಹೋಗಲು ಪ್ರತ್ಯೇಕ ಅವಧಿ ಕೊಡುತ್ತಾರೆ, ಸಹಾಯಕ ಕೋಚ್ ಹೋದರೆ ಆ ಸೌಲಭ್ಯವಿಲ್ಲ. ಎಂದರೆ, ತಮಗೆ ಪಾಠ ಹೇಳುವ ಮೇಷ್ಟ್ರು ಯಾರೆಂದು ತಿಳಿಯದೆಯೇ ಉಳಿಯುವುದೋ ಹೋಗುವುದೋ ಎಂದು ಆ ಐವರು ತೀರ್ಮಾನಿಸಬೇಕಾಯಿತು. ನೇಮಕವನ್ನು ಮೂರು ವಾರ ಎಳೆದ ಆಡಳಿತದವರ ಮೇಲೆ ಸಿಟ್ಟು ಬರಬೇಕಾದದ್ದು ಇದಕ್ಕೆ. ಆ ಮೂರು ವಾರ ನಮ್ಮ ಜನ ವಿಮಾನ ನೋಡುತ್ತಿದ್ದರು.

ಮೊನ್ನೆ ಶನಿವಾರ ಸಾರ್ವಜನಿಕರಿಗೆ ಬಾಗಿಲು ತೆರೆದ ಅಭ್ಯಾಸವಿತ್ತು. ಎಂದಿನಂತೆ ಗೋಲ್‌ಕಂಬದ ಹಿಂದೆ ಹೋಗಿ ಕೂತೆ, ಈ ಸಲ ಕೆಳಗಿನ ಸಾಲಿನಲ್ಲಿ. ಹೊಸ ಕೋಚ್ ಮೈದಾನದ ಮೂಲೆಯಲ್ಲಿ ಹುಲ್ಲಿನ ಮೇಲೆ ಬಿಳಿ ಪಟ್ಟಿಯೊಂದನ್ನು ಅಂಟಿಸಿ, ಮಂಡಿಯೂರಿ ಕೂತು, ನಮ್ಮ ಲೆಫ್ಟ್ ಟ್ಯಾಕಲ್‌ನ ಎಡಗಾಲಿನ ಹಿಮ್ಮಡಿಯನ್ನು ಕೈಯಿಂದಲೇ ಹಿಡಿದು, ಇಷ್ಟೇ, ಇದಕ್ಕಿಂತ ಹಿಂದೆ ಬೇಡ ಎಂಬಂತೆ ಪಟ್ಟಿಯ ಮೇಲೆ ಇಟ್ಟ. ಹುಡುಗ ಎದ್ದು ಮತ್ತೆ ಹೆಜ್ಜೆ ಹಾಕಿದ, ಹಿಮ್ಮಡಿ ಪಟ್ಟಿ ದಾಟಿತು. ಮತ್ತೆ ಹಾಕಿದ. ನಾನು ಎಣಿಸಿದಷ್ಟಕ್ಕೆ ಮೂವತ್ತೆಂಟು ಸಲ, ಚೆಂಡಿಲ್ಲ, ಎದುರಾಳಿಯಿಲ್ಲ, ಒಂದೇ ಒಂದು ಹೆಜ್ಜೆ. ಕೊನೆಯ ಆರೇಳು ಸಲ ಹಿಮ್ಮಡಿ ಪಟ್ಟಿಯ ಮೇಲೆಯೇ ನಿಂತಿತು, ಸೊಂಟ ತೆರೆದುಕೊಳ್ಳಲಿಲ್ಲ. ಮುಂದೇನಾಗುವುದೋ ತಿಳಿಯದು, ಸೆಪ್ಟೆಂಬರಿನಲ್ಲಿ ಅದು ಮತ್ತೆ ತೆರೆದುಕೊಂಡರೂ ಆಶ್ಚರ್ಯವಿಲ್ಲ. ಆದರೆ ಒಂದು ವರ್ಷದಿಂದ ನಾನು ನೋಡಬೇಕೆಂದು ಕಾದಿದ್ದ ಕೆಲಸ ಅದೊಂದೇ ಆಗಿತ್ತು.

ಅದೇ ಹೊತ್ತಿಗೆ, ಲೈನ್‌ನ ತುದಿಯಲ್ಲಿ ನಿಲ್ಲುವ ಟೈಟ್ ಎಂಡ್‌ಗಳ ಕೋಚ್ ಬೇರೆ ತಂಡಕ್ಕೆ ಹೋಗುತ್ತಾನಂತೆ ಎಂಬ ಸುದ್ದಿ ಬಂದು, ನನ್ನ ಸುತ್ತ ಕೂತವರೆಲ್ಲ ಫೋನಿನೊಳಗೆ ತಲೆ ಹುದುಗಿಸಿದರು. ಹಿಂದಿನ ಸಾಲಿನಲ್ಲಿದ್ದ, ತಂಡದ ಬಣ್ಣದ ಅಂಗಿ ತೊಟ್ಟ ಹಿರಿಯರೊಬ್ಬರು ಮಾತ್ರ ಒಮ್ಮೆ ತಲೆಯೆತ್ತಿ ಮೈದಾನದ ಆ ಮೂಲೆಯನ್ನು ನೋಡಿ, ಲಕ್ಷಾಂತರ ಡಾಲರ್ ಕೊಟ್ಟು ತಂದವನು ಅರ್ಧ ಗಂಟೆಯಿಂದ ಹುಡುಗನಿಗೆ ನಡೆಯುವುದನ್ನು ಕಲಿಸುತ್ತಿದ್ದಾನೆ ನೋಡಿ ಎಂದು ಪಕ್ಕದವರಿಗೆ ಹೇಳಿ ನಕ್ಕರು.