ಶ್ಯಾಮ ಎಂಬ ಹೆಂಗಸಿನ ಸಾಲದ ಚರಿತ್ರೆ

ಜಾಗದ ತೀರ್ವೆ ಕಟ್ಟಲೆಂದು ಇವತ್ತು ಬೆಳಿಗ್ಗೆ ಕಾಸರಗೋಡಿನ ಬದಿಯಡ್ಕ ಪೇಟೆಯ ಅಕ್ಷಯ ಕೇಂದ್ರಕ್ಕೆ (ಕೇರಳದಲ್ಲಿ ಸರಕಾರಿ ಕೆಲಸಗಳನ್ನು ಕಂಪ್ಯೂಟರಿನಲ್ಲಿ ಮಾಡಿಕೊಡುವ ಜಾಗ) ಹೋಗಿದ್ದೆ. ಹತ್ತು ನಿಮಿಷದ ಕೆಲಸ. ಮನೆಗೆ ಮರಳುವಾಗ ಹನ್ನೆರಡೂವರೆ, ಮೈಯೆಲ್ಲ ಉರಿ. ಆ ಉರಿ ಇನ್ನೂ ಇಳಿದಿಲ್ಲ, ಆದ್ದರಿಂದ ಈ ಬರಹ. ಉದ್ದವಾಗುತ್ತದೆ. ಪುರುಸೊತ್ತಿಲ್ಲದವರು ಇಲ್ಲಿಗೇ ಬಿಡಬಹುದು.

ಕೇಂದ್ರದ ಬಾಗಿಲಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ನಿಂತಿದ್ದ. ಹತ್ತನೆಯ ತರಗತಿಯಲ್ಲಿ ಗಣಿತಕ್ಕೆ ಹೆದರುತ್ತಿದ್ದವನು, ಈಗ ಮಂಗಳೂರಿನಲ್ಲಿ ಕೆಲಸ, ದಿನವೂ ತಲಪಾಡಿಯ ಗಡಿ ದಾಟಿ ಹೋಗಿ ಬರುತ್ತಾನೆ. ಫಲಿತಾಂಶದ ದಿನ ಇದ್ದಂತಹದೇ ಮುಖ.

"ಮಾಷ್ಟ್ರೇ, ನನಗೆ ಸಿಬಿಲ್ ಇಲ್ಲವಂತೆ."

ಸಿಬಿಲ್ ಎಂದರೆ ನಮ್ಮ ಸಾಲದ ಚರಿತ್ರೆಯ ವರದಿ, ಅದಕ್ಕೆ ಕೊಡುವ ಅಂಕ; ಸಾಲ ಕೊಡುವ ಮೊದಲು ಬ್ಯಾಂಕಿನವರು ನೋಡುವುದು ಅದನ್ನೇ. ಒಂದು ಮೂತ್ರಪಿಂಡ ಇಲ್ಲ ಎಂದು ಡಾಕ್ಟರರು ಹೇಳಿದರೂ ಯಾರೂ ಅಷ್ಟು ಕುಗ್ಗಿ ನಿಲ್ಲಲಾರರು. ಕ್ರೆಡಿಟ್ ಕಾರ್ಡಿಗೆ ಅರ್ಜಿ ಹಾಕಿದ್ದನಂತೆ, ತಿರಸ್ಕಾರವಾಯಿತಂತೆ. ಬ್ಯಾಂಕಿನಲ್ಲಿ ಕೇಳಿದರೆ "ಸಿಬಿಲ್ ಪ್ರಶ್ನಮಾಣ್", ಸಿಬಿಲ್ ತೊಂದರೆ ಇದೆ, ಎಂದು ಮಲಯಾಳದಲ್ಲಿ ಒಂದು ಮಾತು ಎಸೆದರಂತೆ. ತನ್ನ ವರದಿಯನ್ನು ತಾನೇ ನೋಡೋಣವೆಂದು ಮೊಬೈಲಿನಲ್ಲಿ ಪ್ರಯತ್ನಿಸಿದರೆ, ನಿಮ್ಮ ಗುರುತನ್ನು ದೃಢಪಡಿಸಲಾಗುತ್ತಿಲ್ಲ ಎಂಬ ಉತ್ತರ. ಮೂರು ರಾತ್ರಿ ನಿದ್ದೆಯಿಲ್ಲ ಹುಡುಗನಿಗೆ. ತನ್ನ ಪಾನ್ ಸಂಖ್ಯೆ ಇಟ್ಟುಕೊಂಡು ಯಾರೋ ಸಾಲ ಎತ್ತಿದ್ದಾರೆ ಎಂದೇ ನಂಬಿಬಿಟ್ಟಿದ್ದಾನೆ.

ನನ್ನ ಸಿಟ್ಟು ಇದರ ಮೇಲೆ. ನನ್ನ ಸಾಲದ ಚರಿತ್ರೆಯನ್ನು ಊರಿನ ಎಲ್ಲ ಬ್ಯಾಂಕುಗಳು ಓದಬಹುದು. ನಾನು ಮಾತ್ರ ಓದುವ ಹಾಗಿಲ್ಲ. ನನ್ನ ಬಗ್ಗೆ ಬರೆದ ಪುಸ್ತಕಕ್ಕೆ ಬೀಗ, ಆ ಬೀಗದ ಕೀಲಿ ಅದೇ ಪುಸ್ತಕದ ಒಳಗೆ.

ಹೋದ ವರ್ಷ ನನ್ನ ಸ್ವಂತ ರಾಮಾಯಣವಾದಾಗ ನಾನು ಇಲ್ಲಿ ಏನೂ ಬರೆದಿರಲಿಲ್ಲ. ನಾಚಿಕೆ. ಮೂವತ್ತು ಮಕ್ಕಳಿಗೆ ಚಕ್ರಬಡ್ಡಿ ಕಲಿಸುವ ಮನುಷ್ಯನಿಗೆ ಬ್ಯಾಂಕಿನವರು ಕಾರ್ಡು ಕೊಡಲಿಲ್ಲ ಎಂದು ಹೇಗೆ ಹೇಳುವುದು? ಮನೆಯಲ್ಲೂ ಸುಳ್ಳೇ ಹೇಳಿದ್ದೆ: "ನನಗೇ ಬೇಡವೆನಿಸಿತು, ಬಿಟ್ಟುಬಿಟ್ಟೆ." ಮಗಳ ಲ್ಯಾಪ್‌ಟಾಪನ್ನು ಬಡ್ಡಿಯಿಲ್ಲದ ಕಂತಿನಲ್ಲಿ ಕೊಳ್ಳಲು ಆ ಕಾರ್ಡು ಬೇಕಿತ್ತು. ಕೊನೆಗೆ ಅಡಿಕೆ ಮಾರಿದ ದುಡ್ಡಿನಲ್ಲಿ ನಗದಾಗಿಯೇ ಕೊಂಡೆವು, ಅದು ಬೇರೆ ಮಾತು.

ಆಗ ನಾನು ಮೊದಲು ಮಾಡಿದ ತಪ್ಪು: ಒಂದು ಬ್ಯಾಂಕು ಇಲ್ಲವೆಂದ ತಕ್ಷಣ ಇನ್ನೊಂದಕ್ಕೆ, ಆಮೇಲೆ ಮತ್ತೊಂದಕ್ಕೆ ಅರ್ಜಿ ಹಾಕಿದೆ. ಹಾಗೆ ಹಾಕಿದ ಪ್ರತಿ ಅರ್ಜಿಯೂ ವರದಿಯಲ್ಲಿ ವಿಚಾರಣೆಯೆಂದು ದಾಖಲಾಗುತ್ತದೆ. ಬೆನ್ನು ಬೆನ್ನಿಗೆ ದಾಖಲಾದರೆ ಅಂಕ ಇಳಿಯುತ್ತದೆ. ನಮ್ಮ ವರದಿಯನ್ನು ನಾವೇ ಎಷ್ಟು ಸಲ ನೋಡಿದರೂ ಅಂಕ ಕುಗ್ಗುವುದಿಲ್ಲ. ನೋಡಲು ಬಿಟ್ಟರೆ ತಾನೆ!

ವರದಿ ತೆರೆಯಲು ಹೋದರೆ ಒಟಿಪಿ ಕಳುಹಿಸಿದ್ದೇವೆ ಎಂದರು. ಬರಲಿಲ್ಲ. ಕೊನೆಯ ಎರಡು ಅಂಕೆ ಮಾತ್ರ ಕಾಣುವ ಆ ಸಂಖ್ಯೆಯನ್ನು ದಿಟ್ಟಿಸಿ ನೋಡುತ್ತಾ ಕುಳಿತಾಗ ನೆನಪಾಯಿತು. ಗಡಿಯವರಿಗೆಲ್ಲ ಗೊತ್ತಿರುವ ಕಥೆ ಅದು. ರೋಮಿಂಗ್ ಹೆಸರಿನಲ್ಲಿ ಹಿಂಡುತ್ತಿದ್ದ ಕಾಲದಲ್ಲಿ ನಮ್ಮೆಲ್ಲರ ಕಿಸೆಯಲ್ಲಿ ಎರಡು ಸಿಮ್, ತಲಪಾಡಿಯಿಂದ ಆಚೆಗೊಂದು, ಈಚೆಗೊಂದು. 2014ರಲ್ಲಿ ಮಂಗಳೂರಿನಲ್ಲಿ ಕೆಲಸ ಮಾಡುತ್ತಿದ್ದಾಗ ಬೈಕಿನ ಸಾಲಕ್ಕೆ ಕೊಟ್ಟದ್ದು ಆಚೆಯ ಸಂಖ್ಯೆ. ಊರಿನ ಶಾಲೆಗೆ ಬಂದ ಮೇಲೆ ಆ ಸಿಮ್ಮಿಗೆ ದುಡ್ಡು ಹಾಕದೆ ಬಿಟ್ಟೆ. ಬಿಟ್ಟ ಸಂಖ್ಯೆಯನ್ನು ಕಂಪನಿಯವರು ಕನಿಷ್ಠ 90 ದಿನ ಇಟ್ಟುಕೊಂಡು ಆಮೇಲೆ ಬೇರೆಯವರಿಗೆ ಕೊಡುತ್ತಾರೆ. ನನ್ನ ಒಟಿಪಿ ಈಗ ಯಾವ ಪುಣ್ಯಾತ್ಮನ ಮೊಬೈಲಿನಲ್ಲಿ ಕೂಗುತ್ತಿದೆಯೋ. ಬ್ಯಾಂಕಿನವರು ನಮ್ಮ ವರದಿ ತೆರೆದು ನೋಡಿದಾಗಲೆಲ್ಲ ನಮಗೆ ಸಂದೇಶ ಬರಬೇಕು ಎಂಬ ನಿಯಮವೂ ಈಗ ಇದೆ. ಬರುತ್ತದೆ, ಆ ಪುಣ್ಯಾತ್ಮನಿಗೆ.

ಒಟಿಪಿ ಇಲ್ಲದಿದ್ದರೆ ಪ್ರಶ್ನೆಗಳಿಗೆ ಉತ್ತರಿಸಿ ಎಂದಿತು ಪರದೆ. ಗುರುತು ಪರೀಕ್ಷೆ. ಇದರಲ್ಲಾದರೂ ಪಾಸಾಗೋಣವೆಂದು ನೆಟ್ಟಗೆ ಕುಳಿತೆ. ಮೊದಲ ಪ್ರಶ್ನೆ: ಈ ಕೆಳಗಿನ ಯಾವ ಬ್ಯಾಂಕಿನಲ್ಲಿ ನಿಮಗೆ ವಾಹನ ಸಾಲವಿತ್ತು? ನಾಲ್ಕು ಹೆಸರು, ನನಗೆ ಸಾಲ ಕೊಟ್ಟ ಬ್ಯಾಂಕು ಅವುಗಳಲ್ಲಿ ಇಲ್ಲವೇ ಇಲ್ಲ. "ಇವುಗಳಲ್ಲಿ ಯಾವುದೂ ಅಲ್ಲ" ಎಂದು ಒತ್ತಿದೆ. ತಪ್ಪು!

ಯಾಕೆ ತಪ್ಪು ಗೊತ್ತೇ? ನನಗೆ ಸಾಲ ಕೊಟ್ಟ ಬ್ಯಾಂಕು ಈ ಲೋಕದಲ್ಲಿಲ್ಲ. 1931ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದಲ್ಲಿ ಸೇರಿತು. ಉಡುಪಿಯಲ್ಲಿ ಹುಟ್ಟಿದ ಕಾರ್ಪೊರೇಷನ್ ಬ್ಯಾಂಕ್ ಮತ್ತು ಸಿಂಡಿಕೇಟ್ ಬ್ಯಾಂಕ್ ಮರುವರ್ಷ ಅದೇ ದಿನ ಯೂನಿಯನ್ ಬ್ಯಾಂಕಿಗೂ ಕೆನರಾ ಬ್ಯಾಂಕಿಗೂ ಹೋದವು. ನನ್ನದು ಈ ಮೂರರಲ್ಲಿ ಒಂದು. ಯಾವುದೆಂದು ಹೇಳುವುದಿಲ್ಲ, ತವರುಮನೆಯ ಮೇಲೆ ದೂರು ಹೇಳುವ ಹಾಗಾಗುತ್ತದೆ. ನಾನು ಸಾಲ ಮಾಡಿದ್ದು ಒಬ್ಬರಲ್ಲಿ, ವರದಿಯಲ್ಲಿ ಇರುವುದು ಇನ್ನೊಬ್ಬರು, ಸತ್ಯ ಹೇಳಿದ ನಾನು ಫೇಲು. ಇನ್ನೆರಡು ಸಲ ಪ್ರಯತ್ನಿಸಿದ ಮೇಲೆ ಆ ಬಾಗಿಲು ಪೂರ್ತಿ ಮುಚ್ಚಿತು.

ಇಲ್ಲಿ ಒಂದು ತಪ್ಪೊಪ್ಪಿಗೆ. ಸಿಬಿಲ್ ಸರಿಮಾಡಿಕೊಡುತ್ತೇವೆ ಎಂಬ ಜಾಹೀರಾತು ನೋಡಿ ಒಬ್ಬನಿಗೆ 2,500 ರೂಪಾಯಿ ಕೊಟ್ಟೆ. ಹೌದು, ನಾನೇ. ಆತ ಮಾಡಿದ ಮಹತ್ಕಾರ್ಯವೆಂದರೆ ಬೇರೊಂದು ಕಂಪನಿಯ ಜಾಲತಾಣ ತೆರೆದು, ಪುಕ್ಕಟೆ ವರದಿಗೆ ನನ್ನ ಹೆಸರಿನಲ್ಲಿ ಅರ್ಜಿ ಹಾಕಿದ್ದು. ನಮ್ಮಲ್ಲಿ ಎಲ್ಲದಕ್ಕೂ ಸಿಬಿಲ್ ಎಂದೇ ಹೇಳುತ್ತೇವಲ್ಲ, ಈ ಚರಿತ್ರೆ ಬರೆದಿಡುವ ಕಂಪನಿಗಳು ನಿಜವಾಗಿ ನಾಲ್ಕಿವೆ: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈ ಮಾರ್ಕ್. 2017ರ ಜನವರಿಯಿಂದ ಪ್ರತಿಯೊಂದೂ ವರ್ಷಕ್ಕೆ ಒಂದು ಪೂರ್ಣ ವರದಿಯನ್ನು ಉಚಿತವಾಗಿ ಕೊಡಲೇಬೇಕು, ರಿಸರ್ವ್ ಬ್ಯಾಂಕಿನ ಆದೇಶ. ಒಂದು ಬಾಗಿಲು ಮುಚ್ಚಿದರೆ ಇನ್ನೂ ಮೂರಿವೆ. ನಮ್ಮ ಹೊಸ ಸಂಖ್ಯೆ ಯಾವುದೋ ಒಂದರಲ್ಲಿ ದಾಖಲಾಗಿರುವ ಸಾಧ್ಯತೆ ಇರುತ್ತದೆ. ನನಗೆ ತೆರೆದದ್ದು ಮೂರನೆಯದು. ಅದಕ್ಕೆ 2,500 ರೂಪಾಯಿ ದಕ್ಷಿಣೆ.

ಸರಿ, ತೆರೆಯಿತು. ಒಳಗೆ ಏನಿತ್ತು?

ಹೆಸರು: ಸ್ಯಾಮ ಕೆ. ಲಿಂಗ: ಸ್ತ್ರೀ.

ನಗಬೇಡಿ. ನಮ್ಮ ಊರಿನಲ್ಲಿ ಶ್ಯಾಮ ಎಂದರೆ ಗಂಡಸು. ಮಲಯಾಳದಲ್ಲಿ ಗಂಡಸು ಶ್ಯಾಂ ಅಥವಾ ಶ್ಯಾಮನ್, ಶ್ಯಾಮ ಹೆಂಗಸು. ಯಾವುದೋ ಶಾಖೆಯಲ್ಲಿ ಚಿನ್ನದ ಅಡವಿನ ಅರ್ಜಿ ತುಂಬಿದ ಪುಣ್ಯವಂತರು ಎದುರಿಗೆ ಮೀಸೆ ಇಟ್ಟುಕೊಂಡು ನಿಂತಿದ್ದ ನನ್ನ ಮುಖ ನೋಡಲೇ ಇಲ್ಲ, ಹೆಸರು ಮಾತ್ರ ನೋಡಿದರು. ಇನ್ನು ಆ 'ಕೆ'. ಎಸೆಸೆಲ್ಸಿಯಲ್ಲಿ ಹೆಸರಿನ ಕೊನೆಗೆ ಅಪ್ಪನ ಹೆಸರಿನ ಒಂದೇ ಅಕ್ಷರ, ಕೇರಳದ ರೂಢಿ. ಪಾನ್ ಕಾರ್ಡಿನವರಿಗೆ ಒಂದಕ್ಷರ ಒಗ್ಗುವುದಿಲ್ಲ, ಬಿಡಿಸಿ ಬರೆಯಬೇಕು, ಆದ್ದರಿಂದ ಅಲ್ಲಿ ಶ್ಯಾಮ ಕೇಶವ. ಬೈಕಿನ ಸಾಲದಲ್ಲಿ ಕೆ. ಶ್ಯಾಮ, ಅದು ಕರ್ನಾಟಕದ ರೂಢಿ. ಹೀಗೆ ಒಬ್ಬನೇ ಮನುಷ್ಯ ಮೂರು ಜನರಾಗಿ, ಅದರಲ್ಲೊಬ್ಬಳು ಹೆಂಗಸಾಗಿ ಬಾಳುತ್ತಿದ್ದೇನೆ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ್ದರ ಲೆಕ್ಕವನ್ನು ಭಾಷಣಗಳಲ್ಲಿ ಬಹಳ ಜನ ಹೇಳುತ್ತಾರೆ. ಆ ಲೆಕ್ಕ ಹೀಗೆ ಒಬ್ಬೊಬ್ಬನ ಹೆಸರಿನ ಮೇಲೂ ಬೀಳುತ್ತದೆ ಎಂಬುದು ಭಾಷಣದಲ್ಲಿ ಬರುವುದಿಲ್ಲ.

ಮತ್ತೆ, 2017ರಲ್ಲಿ ಪೂರ್ತಿ ತೀರಿಸಿದ ಬೈಕಿನ ಸಾಲ ಇನ್ನೂ ಜೀವಂತ. ಬಾಕಿ 412 ರೂಪಾಯಿ. ನಾನ್ನೂರ ಹನ್ನೆರಡು! ಸಾಲ ತೀರಿದ ಪತ್ರಕ್ಕಾಗಿ ಕಪಾಟೆಲ್ಲ ಜಾಲಾಡಿದೆ, ಹಳೆಯ ಪಂಚಾಂಗದೊಳಗೆ ಸಿಕ್ಕಿತು, ಅಂಚು ಗೆದ್ದಲು ತಿಂದಿತ್ತು, ಮೊಹರು ಉಳಿದಿತ್ತು. ಅದರ ನಕಲು, ಪಾನ್, ಆಧಾರ್ ಎಲ್ಲ ಲಗತ್ತಿಸಿ ಬ್ಯಾಂಕಿಗೂ ಕಂಪನಿಗೂ ದೂರು ಕೊಟ್ಟೆ. ಜೊತೆಗೆ ಮೊಬೈಲ್ ಸಂಖ್ಯೆ ಬದಲಾಯಿಸಲು ಬ್ಯಾಂಕಿಗೆ ಬೇರೆಯೇ ಅರ್ಜಿ, ಏಕೆಂದರೆ ಸಾಲ ಕೊಟ್ಟವರು ತಿದ್ದಿ ಕಳುಹಿಸದೆ ಕಂಪನಿಯವರು ತಾವಾಗಿ ಒಂದಕ್ಷರವನ್ನೂ ಮುಟ್ಟುವುದಿಲ್ಲ.

ಇದೊಂದನ್ನು ಎಲ್ಲರೂ ಬರೆದಿಟ್ಟುಕೊಳ್ಳಿ. ದೂರು ಕೊಟ್ಟ 30 ದಿನದೊಳಗೆ ಇತ್ಯರ್ಥವಾಗದಿದ್ದರೆ ಆಮೇಲಿನ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರ ನಮಗೆ ಬರಬೇಕು. 2024ರ ಏಪ್ರಿಲ್ 26ರಿಂದ ಈ ನಿಯಮ ಜಾರಿಯಲ್ಲಿದೆ. ಬ್ಯಾಂಕಿನವರು 21 ದಿನದೊಳಗೆ ತಿದ್ದಿದ ವಿವರ ಕಳುಹಿಸದಿದ್ದರೆ ಹೊಣೆ ಅವರದು. ಅವರು ಕಳುಹಿಸಿಯೂ ತಡವಾದರೆ ಕಂಪನಿಯದು. ದೂರಿನಲ್ಲಿ ಈ ದಿನಾಂಕವನ್ನು ಉದ್ಧರಿಸಿ ಬರೆದೆ. 28ನೆಯ ದಿನ ಎಲ್ಲವೂ ಸರಿಯಾಯಿತು. ಏಳು ವರ್ಷ ಆಗದ ಕೆಲಸ, ನೂರು ರೂಪಾಯಿಯ ಹೆದರಿಕೆಗೆ ಎರಡು ದಿನ ಮುಂಚೆಯೇ ಮುಗಿಯಿತು! ಮೂರು ದಿನ ತಡ ಮಾಡಿದ್ದರೆ ಒಂದು ಮಸಾಲೆದೋಸೆಯಾದರೂ ದಕ್ಕುತ್ತಿತ್ತು. ಅವರು ಕಿವಿಗೊಡದಿದ್ದರೆ ರಿಸರ್ವ್ ಬ್ಯಾಂಕಿನ ಲೋಕಪಾಲರಿಗೆ (ಗ್ರಾಹಕರ ದೂರು ವಿಚಾರಿಸುವ ಒಂಬುಡ್ಸ್‌ಮನ್) ದೂರು ಕೊಡಬಹುದು. ಈ ಕಂಪನಿಗಳನ್ನು 2022ರ ಸೆಪ್ಟೆಂಬರಿನಲ್ಲಿ ಅವರ ವ್ಯಾಪ್ತಿಗೆ ತಂದಿದ್ದಾರೆ. ಮೊದಲು ಕಂಪನಿಗೆ ಲಿಖಿತ ದೂರು ಕೊಟ್ಟು 30 ದಿನ ಕಾಯಬೇಕು, ಅಷ್ಟೆ.

ಈಗ ಒಬ್ಬರು ಕೇಳುತ್ತಾರೆ, ಯಾರೆಂದೂ ನನಗೆ ಗೊತ್ತು, ಪ್ರತಿ ಸಲವೂ ಅವರೇ: "ಕಾರ್ಡು ಯಾಕೆ ಬೇಕು ಮಾರಾಯರೇ, ಹಾಸಿಗೆ ಇದ್ದಷ್ಟೇ ಕಾಲು ಚಾಚಿದರಾಗದೇ?" ಆಗುತ್ತದೆ. ಆದರೆ ನಾಳೆ ನಿಮ್ಮ ಮಗ ವಿದ್ಯಾಭ್ಯಾಸದ ಸಾಲ ಕೇಳುವಾಗ, ಅಳಿಯ ಮನೆ ಕಟ್ಟುವಾಗ ತೆರೆದು ನೋಡುವುದೂ ಇದೇ ವರದಿಯನ್ನೇ. ಹಾಸಿಗೆ ಎಷ್ಟು ಉದ್ದ ಎಂದು ನಮ್ಮ ಹಾಸಿಗೆಯನ್ನು ನಾವೇ ನೋಡಬಾರದೇ? ಕೇಳುತ್ತಿರುವುದು ಅಷ್ಟೇ.

ಇನ್ನು ಕೆಲವರು ಹೇಳುವುದು ಭದ್ರತೆಯ ಮಾತು. ಬೀಗ ಗಟ್ಟಿಯಿಲ್ಲದಿದ್ದರೆ ಕಂಡವರೆಲ್ಲ ನಿಮ್ಮ ಸಾಲದ ಲೆಕ್ಕ ನೋಡುತ್ತಾರೆ ಎಂದು. ಸರಿಯಾದ ಮಾತೇ, ಒಪ್ಪುತ್ತೇನೆ. ಆದರೆ ಅಪರಿಚಿತನ ಮೊಬೈಲಿಗೆ ಕೀಲಿ ಕಳುಹಿಸಿ, ಮನೆಯ ಯಜಮಾನನನ್ನು ಅಂಗಳದಲ್ಲಿ ನಿಲ್ಲಿಸುವುದು ಯಾವ ಭದ್ರತೆ? ಕಾಗದದ ಅರ್ಜಿಯಲ್ಲಿ ಗುರುತಿನ ನಕಲು ಇಟ್ಟು ಅಂಚೆಯಲ್ಲಿ ಕಳುಹಿಸಿದರೂ ವರದಿ ಕೊಡುತ್ತಾರೆ, ಆ ದಾರಿ ಇದೆ. ಅದನ್ನು ಜಾಲತಾಣದ ಯಾವ ಮೂಲೆಯಲ್ಲಿ ಅವಿತಿಟ್ಟಿದ್ದಾರೆ ಎಂದು ಹುಡುಕಿ ನೋಡಿ. ವರದಿ ನೋಡಲು ಮಾಸಿಕ ಹಣ ಕಟ್ಟಿ ಎನ್ನುವ ಗುಂಡಿಯಾದರೋ ತೇರಿನ ಹಾಗೆ ಎದುರಿಗೇ ಇರುತ್ತದೆ.

ಹುಡುಗನ ವಿಷಯಕ್ಕೆ ಬರುತ್ತೇನೆ. ಬ್ಯಾಂಕಿನವರು ಅವನಿಗೆ ತಿರಸ್ಕಾರದ ನಿರ್ದಿಷ್ಟ ಕಾರಣವನ್ನು ಬರಹದಲ್ಲಿ ಕೊಡಬೇಕಿತ್ತು, ಅದೂ ರಿಸರ್ವ್ ಬ್ಯಾಂಕಿನ ನಿಯಮವೇ. ಕೊಟ್ಟದ್ದು ಬಾಯಿಮಾತಿನ ಎರಡು ಶಬ್ದ. ಅಕ್ಷಯದಲ್ಲಿ ಕಂಪ್ಯೂಟರಿನ ಮುಂದೆ ಕುಳಿತಿದ್ದ ಹುಡುಗಿ ಕಾಞಂಗಾಡಿನ ಕಡೆಯವಳು, ಕನ್ನಡ ಬಾರದು. "ಮಾಷೇ, ಇವರ ಹೆಸರು ಕನ್ನಡದಲ್ಲಿ ಹೇಗೆ ಹೇಳುವುದು, ಒಮ್ಮೆ ಹೇಳಿ" ಎಂದು ಮಲಯಾಳದಲ್ಲಿ ಕೇಳಿದಳು. ನನ್ನ ನಲವತ್ತೇಳು ವರ್ಷದಲ್ಲಿ ಈ ಪ್ರಶ್ನೆ ಕೇಳಿದ ಮೊದಲ ಗುಮಾಸ್ತೆ. ಹೇಳಿದೆ. ಅವಳು ಪಾನ್ ಕಾರ್ಡನ್ನು ಪಕ್ಕದಲ್ಲಿಟ್ಟುಕೊಂಡು, ಅಪ್ಪನ ಹೆಸರನ್ನೂ ಬಿಡಿಸಿ, ಅಕ್ಷರಕ್ಕೆ ಅಕ್ಷರ ಕೂಡಿಸಿ ಬೇರೊಂದು ಕಂಪನಿಯಲ್ಲಿ ಹಾಕಿದಳು. ಎರಡು ಸಲ ಕರೆಂಟು ಹೋಯಿತು. ಮೂರನೆಯ ಸಲ ತೆರೆಯಿತು.

ಯಾರೂ ಅವನ ಹೆಸರಿನಲ್ಲಿ ಸಾಲ ಎತ್ತಿರಲಿಲ್ಲ. ಕಂತಿನಲ್ಲಿ ಕೊಂಡ ಮೊಬೈಲಿನ ಒಂದು ಕಂತು, ಖಾತೆಯಲ್ಲಿ ದುಡ್ಡಿಲ್ಲದೆ ತಪ್ಪಿ, ನಲವತ್ತು ದಿನ ತಡವಾಗಿ ಸಂದಾಯವಾಗಿತ್ತು. ತಪ್ಪು ಅವನದೇ. ಓಣಂ ತಿಂಗಳಲ್ಲಿ ಸಂಬಳ ತಡವಾದದ್ದು ನೆನಪಾಯಿತು ಅವನಿಗೆ.

"ಇಷ್ಟೇಯಾ ಮಾಷ್ಟ್ರೇ?" ಎಂದ. ಅಷ್ಟು ಹೊತ್ತಿನ ಮೇಲೆ ಮೊದಲ ಸಲ ಕುರ್ಚಿಗೆ ಒರಗಿದ.

ಇಷ್ಟೇ. ಇದನ್ನು ಮೊದಲೇ ನೋಡಲು ಬಿಟ್ಟಿದ್ದರೆ ಮೂರು ರಾತ್ರಿಯ ನಿದ್ದೆ ಉಳಿಯುತ್ತಿತ್ತು.

ಅಂದ ಹಾಗೆ, ನನಗೂ ಕಾರ್ಡು ಬಂತು, ಹೋದ ತಿಂಗಳು. ಕಾರ್ಡಿನ ಮೇಲೆ ಹೆಸರು ಸರಿಯಾಗಿದೆ. ಲಕೋಟೆಯ ಮೇಲೆ ಶ್ರೀಮತಿ ಎಂದಿತ್ತು, ಅಂಚೆಯವರು ಸಹಿ ಹಾಕಿಸಿಕೊಳ್ಳುವಾಗ ನನ್ನ ಹೆಂಡತಿಯನ್ನು ಕರೆದರು.

ತೀರ್ವೆಯೇ? ಮನೆಗೆ ಬಂದು ಅಂಗಿ ಬಿಚ್ಚುವಾಗ ಕಿಸೆಯಲ್ಲಿ ಹೋದ ವರ್ಷದ ರಶೀದಿ ಮಡಚಿದಲ್ಲಿಯೇ ಇತ್ತು. ನಾಳೆ ಮತ್ತೆ ಹೋಗಬೇಕು.