ಸರ್, ಪಿಂಗ್ ಬರ್ತಾ ಇದೆ

"ಊಟ ಆದ ಮೇಲೆ ಸಿಸ್ಟಮ್ ನಿದ್ದೆ ಮಾಡುತ್ತೆ."

ದಾವಣಗೆರೆ ಗೋಡೌನ್‌ನಿಂದ ಬಂದ ದೂರಿನ ಟಿಕೆಟ್‌ನಲ್ಲಿ ಇದ್ದದ್ದು ಇಷ್ಟೇ. ಸ್ಕ್ರೀನ್‌ಶಾಟ್ ಇಲ್ಲ, ಎರರ್ ನಂಬರ್ ಇಲ್ಲ. ಪ್ರಯಾರಿಟಿ ಮಾತ್ರ ಹೈ. ನಮ್ಮ ಸಪೋರ್ಟ್ ಟೀಮಿನ ಹುಡುಗ ಓದಿ ನಕ್ಕ. "ಸಿಸ್ಟಮ್ ಅಲ್ಲ, ಅವರೇ ಮಲಗಿರ್ತಾರೆ" ಅಂದ. ಇಲ್ಲಿ ಸರಿಯಾಗಿದೆ, ಇನ್ನೊಮ್ಮೆ ನೋಡಿ ಅಂತ ಬರೆದು ಟಿಕೆಟ್ ಮುಚ್ಚಿದ. ಮರುದಿನ ಮಧ್ಯಾಹ್ನ ಎರಡೂಕಾಲಿಗೆ ಹಾಸನದಿಂದ ಅದೇ ದೂರು. ಹುಬ್ಬಳ್ಳಿಯವರು ಟಿಕೆಟ್ ಗೊಡವೆಗೇ ಹೋಗದೆ ನೇರವಾಗಿ ಫೋನ್ ಮಾಡಿದರು. "ಏನ್ರೀ ಸರ, ನಿಮ್ಮ ಸಾಫ್ಟ್‌ವೇರ್ ಉಂಡು ಮಲಗತೈತೇನ್ರಿ?"

ವ್ಯವಸ್ಥೆ ಹೀಗಿತ್ತು. ಗಿರಾಕಿ ಕಂಪನಿಗೆ ಊರೂರಲ್ಲಿ ಗೋಡೌನ್. ಅಪ್ಲಿಕೇಶನ್ ಸರ್ವರ್, ಡೇಟಾಬೇಸ್ ಸರ್ವರ್ ಎರಡೂ ಬೆಂಗಳೂರಿನಲ್ಲಿ. ಎರಡರ ನಡುವೆ ಒಂದು ಫೈರ್‌ವಾಲ್, ಅಂದರೆ ಹೋಗಿಬರುವ ಡೇಟಾ ಕಾಯುವ ಕಾವಲುಗಾರ. ಅಪ್ಲಿಕೇಶನ್ ಹಳೇ ಕಾಲದ್ದು. ಒಂದೊಂದು ಗೋಡೌನ್‌ಗೆ ಡೇಟಾಬೇಸ್ ಜೊತೆ ಒಂದೊಂದು ಕನೆಕ್ಷನ್ ತೆಗೆದು ಇಟ್ಟುಕೊಳ್ಳುತ್ತಿತ್ತು. ಒಮ್ಮೆ ಹಿಡಿದರೆ ಬಿಡುವ ಜಾಯಮಾನ ಅದಕ್ಕಿರಲಿಲ್ಲ.

ರೋಗದ ಲಕ್ಷಣಗಳು ಮಾತ್ರ ವಿಚಿತ್ರ. ಊಟ ಮುಗಿಸಿ ಬಂದು ಬಿಲ್ ಬಟನ್ ಒತ್ತಿದರೆ ಚಕ್ರ ತಿರುಗುತ್ತಲೇ ಇರುತ್ತೆ. ಎಷ್ಟು ಕುಕ್ಕಿದರೂ ಅಷ್ಟೇ. ಆಚೆ ಹೋಗಿ ಒಂದು ಟೀ ಕುಡಿದು, ಸ್ವಲ್ಪ ಹರಟೆ ಹೊಡೆದು ಬಂದರೆ ಒಂದು ಎರರ್ ಬಂದಿರುತ್ತೆ. ಮತ್ತೆ ಒತ್ತಿದರೆ ಸಲೀಸು. ಹೀಗಾಗಿ ಹಾಸನದಲ್ಲಿ ಇದಕ್ಕೆ ಮದ್ದು ಅಂದರೆ ಟೀ ಅಂತ ತೀರ್ಮಾನ ಆಗಿಬಿಟ್ಟಿತ್ತು. ಹೊಸದಾಗಿ ಸೇರಿದವರಿಗೂ ಅದನ್ನೇ ಹೇಳಿಕೊಡುತ್ತಿದ್ದರಂತೆ. ಸೋಮವಾರ ಬೆಳಿಗ್ಗೆ ಮಾತ್ರ ಬೇರೆ ಥರ: ಚಕ್ರ ತಿರುಗುವುದೇ ಇಲ್ಲ, ತಕ್ಷಣ ಎರರ್, ಎರಡನೇ ಸಲ ಸರಿ. ಇನ್ನು ತುಮಕೂರಿನಲ್ಲಿ ಸಮಸ್ಯೆಯೇ ಇಲ್ಲ. ಅದೇ ಅಪ್ಲಿಕೇಶನ್, ಅದೇ ಸರ್ವರ್, ಅದೇ ಊಟದ ಹೊತ್ತು. ತುಮಕೂರು ಮಾತ್ರ ಎಚ್ಚರ!

ದೂರು ದೊಡ್ಡವರ ಕಿವಿಗೆ ಬಿದ್ದ ಮೇಲೆ ಕಾನ್ಫರೆನ್ಸ್ ಕಾಲ್ ಶುರುವಾಯಿತು. ಈ ಕಾಲ್‌ಗಳ ಬಗ್ಗೆ ನನಗೆ ಒಂದು ಖಚಿತ ಅಭಿಪ್ರಾಯ ಇದೆ. ಇಲ್ಲಿಗೆ ಜನ ಬರುವುದು ಸಮಸ್ಯೆ ಹುಡುಕೋಕಲ್ಲ, ಅದು ತಮ್ಮದಲ್ಲ ಅಂತ ಸಾಬೀತು ಮಾಡೋಕೆ.

ನೆಟ್‌ವರ್ಕ್ ಟೀಮಿನವರು ಮೊದಲು ಬಾಯಿಬಿಟ್ಟರು. "ಸರ್, ಪಿಂಗ್ ಬರ್ತಾ ಇದೆ." ಡೇಟಾಬೇಸ್ ನೋಡಿಕೊಳ್ಳುವವರು, "ನಮ್ಮ ಕಡೆ ಎಲ್ಲಾ ಅಪ್. ಸಿಪಿಯು ಆಕಳಿಸ್ತಾ ಇದೆ" ಅಂದರು. ನಾವು ಅಪ್ಲಿಕೇಶನ್‌ನವರು ಸುಮ್ನೆ ಇರ್ತೀವಾ? "ಕೋಡ್ ಮುಟ್ಟೇ ಇಲ್ಲ ಸರ್" ಅಂದೆವು. ಯಾರದೋ ಮೈಕ್ ಮ್ಯೂಟ್ ಆಗಿರಲಿಲ್ಲ. ಅವರ ಬೀದಿಯಲ್ಲಿ "ಹಳೇ ಪೇಪರ್, ಹಳೇ ಕಬ್ಬಿಣ" ಅಂತ ಗಾಡಿ ಹೋಗುತ್ತಿತ್ತು. ಅಷ್ಟು ಹೊತ್ತಿನಲ್ಲಿ ತನಗೆ ಏನು ಬೇಕು ಅಂತ ಸ್ಪಷ್ಟವಾಗಿ ಹೇಳಿದವನು ಅವನೊಬ್ಬನೇ.

ಪಿಂಗ್ ಅಂದರೆ ಆ ಕಡೆಯ ಮೆಷಿನ್ನನ್ನು "ಇದ್ದೀಯಾ?" ಅಂತ ಕೂಗಿ ನೋಡುವುದು. ಉತ್ತರ ಬಂದರೆ ಆ ಕಡೆ ಮೆಷಿನ್ ಇದೆ, ದಾರಿ ಇದೆ ಅಂತ ಗೊತ್ತಾಗುತ್ತೆ. ಬೆಳಿಗ್ಗೆ ತೆಗೆದ ಟಿಸಿಪಿ ಕನೆಕ್ಷನ್, ಅಂದರೆ ಎರಡು ಸರ್ವರ್ ಮಾತಾಡೋಕೆ ತೆಗೆದಿಟ್ಟ ಲೈನ್, ಇನ್ನೂ ಬದುಕಿದೆಯಾ ಅಂತ ಗೊತ್ತಾಗಲ್ಲ. ಎರಡೂ ಬೇರೆ ಬೇರೆ ವ್ಯವಹಾರ. ಇದನ್ನು ಹೇಳಿದರೆ ಅವರು ಇನ್ನೊಮ್ಮೆ ಪಿಂಗ್ ಮಾಡಿ ತೋರಿಸಿದರು.

ಮೊದಲ ಅನುಮಾನ ಡೇಟಾಬೇಸ್ ಮೇಲೆ. ನಮ್ಮ ಡೇಟಾಬೇಸ್ ಸಾಫ್ಟ್‌ವೇರ್ ಮೈಎಸ್‌ಕ್ಯುಎಲ್‌ನಲ್ಲಿ ವೇಯ್ಟ್ ಟೈಮೌಟ್ ಅಂತ ಒಂದಿದೆ. ಸುಮ್ಮನೆ ಕೂತ ಕನೆಕ್ಷನ್ನನ್ನು 28,800 ಸೆಕೆಂಡ್ ಆದ ಮೇಲೆ ಅದು ತಾನಾಗಿ ಕತ್ತರಿಸುತ್ತೆ. ಅಂದರೆ 8 ಗಂಟೆ. ಸೋಮವಾರದ ಬೆಳಿಗ್ಗೆಗೆ ಈ ಲೆಕ್ಕ ಹೊಂದುತ್ತೆ. ಆದರೆ ಊಟಕ್ಕೆ 8 ಗಂಟೆ ತಗೊಳ್ಳೋರು ಯಾರಿದ್ದಾರೆ? ಮದುವೆ ಮನೆಯಲ್ಲೂ ಅಷ್ಟು ಹೊತ್ತು ಕೂರಿಸಲ್ಲ.

ಆಮೇಲೆ ಲಾಗ್‌ಗಳ ಸರದಿ, ಅಂದರೆ ಯಾವಾಗ ಏನಾಯಿತು ಅಂತ ಸರ್ವರ್ ತಾನೇ ಬರೆದಿಡುವ ದಾಖಲೆ. ಜನ ಹೇಳುವುದು 2:15ಕ್ಕೆ ತೊಂದರೆ ಅಂತ. ಅಪ್ಲಿಕೇಶನ್ ಲಾಗ್‌ನಲ್ಲಿ ಎರರ್ ಇರುವುದು 2:30ಕ್ಕೆ. ಡೇಟಾಬೇಸ್ ಲಾಗ್‌ನಲ್ಲಿ ಕನೆಕ್ಷನ್ ಸತ್ತದ್ದು 9:41ಕ್ಕೆ. ಬೆಳಿಗ್ಗೆ ಆ ಹೊತ್ತಿಗೆ ಯಾವ ಬ್ಯಾಚ್ ಓಡುತ್ತೆ, ಯಾವ ಬ್ಯಾಕಪ್ ಓಡುತ್ತೆ ಅಂತ ಎಲ್ಲರೂ ಹುಡುಕಿದ್ದೇ ಹುಡುಕಿದ್ದು. ಒಬ್ಬ ಪಾಪದ ಬ್ಯಾಕಪ್ ಹುಡುಗನನ್ನು ಕಾಲ್‌ಗೆ ಎಳೆದು ತಂದು ವಿಚಾರಣೆಯೂ ನಡೆಯಿತು. ಕೊನೆಗೆ ಯಾರಿಗೋ ಹೊಳೆಯಿತು, ಡೇಟಾಬೇಸ್ ಸರ್ವರ್ ಗಡಿಯಾರ ಯುಟಿಸಿಯಲ್ಲಿದೆ, ಅಂದರೆ ಜಾಗತಿಕ ಸಮಯದಲ್ಲಿ. ಐದೂವರೆ ಗಂಟೆ ಸೇರಿಸಿ. 3:11! ಬ್ಯಾಕಪ್ ಹುಡುಗ ನಿಟ್ಟುಸಿರು ಬಿಟ್ಟು ಕಾಲ್‌ನಿಂದ ಜಾರಿಕೊಂಡ. ಆದರೂ ಒಂದೇ ಸಾವಿಗೆ ಮೂರು ಹೊತ್ತು ಉಳಿದೇ ಉಳಿಯಿತು: 2:15, 2:30, 3:11.

ಇನ್ನು ಮಾತು ಸಾಕು ಅಂತ ಎರಡೂ ಕಡೆ ಟಿಸಿಪಿಡಂಪ್ ಹಾಕಿ ಕೂತೆವು. ಲೈನಿನಲ್ಲಿ ಹೋಗಿಬರುವ ಡೇಟಾ ತುಣುಕುಗಳನ್ನು, ಅಂದರೆ ಪ್ಯಾಕೆಟ್‌ಗಳನ್ನು, ಒಂದೊಂದು ಸಾಲಾಗಿ ತೋರಿಸುತ್ತೆ ಅದು. ಮಧ್ಯಾಹ್ನ ದಾವಣಗೆರೆಯವರಿಗೆ ಫೋನ್ ಮಾಡಿ "ಈಗ ಬಟನ್ ಒತ್ತಿ ಮೇಡಂ" ಅಂದೆ. ಅಪ್ಲಿಕೇಶನ್ ಕಡೆಯ ಕಿಟಕಿಯಲ್ಲಿ ಒಂದು ಪ್ಯಾಕೆಟ್ ಹೊರಟಿತು. ಉತ್ತರ ಇಲ್ಲ. 0.2 ಸೆಕೆಂಡ್ ಬಿಟ್ಟು ಅದೇ ಪ್ಯಾಕೆಟ್ ಮತ್ತೆ. ಆಮೇಲೆ 0.4, ಆಮೇಲೆ 0.8, ಆಮೇಲೆ 1.6. ಪ್ರತಿ ಸಲ ದುಪ್ಪಟ್ಟು ಕಾದು, ಅದೇ ಮಾತನ್ನೇ ಮತ್ತೆ ಮತ್ತೆ ಕಳಿಸುತ್ತಿತ್ತು. ಕೊನೆಕೊನೆಗೆ 2 ನಿಮಿಷಕ್ಕೊಮ್ಮೆ. ಪಕ್ಕದ ಕಿಟಕಿಯಲ್ಲಿ, ಡೇಟಾಬೇಸ್ ಕಡೆ, ಒಂದೇ ಒಂದು ಸಾಲೂ ಇಲ್ಲ. ಎರಡೂ ಕಡೆ ಕನೆಕ್ಷನ್ ಸ್ಥಿತಿ ನೋಡಿದರೆ ಮಾತ್ರ "ಎಸ್ಟ್ಯಾಬ್ಲಿಷ್ಡ್". ಇಬ್ಬರೂ ಸಂಬಂಧ ಗಟ್ಟಿಯಾಗಿದೆ ಅಂತಲೇ ನಂಬಿದ್ದರು. "ಇನ್ನೂ ತಿರುಗ್ತಾ ಇದೆ ಸರ್, ಟೀಗೆ ಹೋಗ್ಲಾ?" ಅಂತ ಮೇಡಂ ಕೇಳಿದರು.

ಸರ್ವರ್‌ಗಳ ಆಪರೇಟಿಂಗ್ ಸಿಸ್ಟಮ್ ಲಿನಕ್ಸ್ ಹೀಗೆ 15 ಸಲ ಮರುಪ್ರಯತ್ನ ಮಾಡಿ ಕೈಬಿಡುತ್ತೆ. ಒಟ್ಟು ಲೆಕ್ಕ ಹಾಕಿದರೆ ಸುಮಾರು 924 ಸೆಕೆಂಡ್. ಹದಿನೈದು ನಿಮಿಷದ ಮೇಲೆ ಸ್ವಲ್ಪ. ಗೋಡೌನ್‌ನಿಂದ ಟೀ ಅಂಗಡಿಗೆ ಹೋಗಿ ಬರೋಕೆ ಹಿಡಿಯುವ ಹೊತ್ತು ಸರಿಸುಮಾರು ಅಷ್ಟೇ. ಹಾಸನದವರ ಔಷಧಿ ಕರಾರುವಾಕ್ಕಾಗಿತ್ತು.

ನಡುವೆ ಪ್ಯಾಕೆಟ್ ನುಂಗುತ್ತಿದ್ದವನು ಫೈರ್‌ವಾಲ್. ಅದು ಅಪಾರ್ಟ್‌ಮೆಂಟ್ ಗೇಟಿನ ವಾಚ್‌ಮನ್ ಹಾಗೆ. ಒಳಗೆ ಹೋದವರ ಹೆಸರು ರಿಜಿಸ್ಟರ್‌ನಲ್ಲಿ ಬರೆದುಕೊಳ್ಳುತ್ತೆ. ಒಂದು ಗಂಟೆ ಆ ಹೆಸರಿನವರ ಸದ್ದು ಕೇಳದಿದ್ದರೆ ಹೆಸರು ಹೊಡೆದು ಹಾಕುತ್ತೆ. ಆಮೇಲೆ ಅದೇ ಮನುಷ್ಯ ಬಂದರೆ ಗುರುತೇ ಇಲ್ಲ. ಹೋಗ್ಲಿ, ಒಳಗೆ ಬಿಡಲ್ಲ ಅಂತ ಬಾಯಿಬಿಟ್ಟು ಹೇಳುತ್ತಾ? ಅದೂ ಇಲ್ಲ. ನನ್ನ ಸಿಟ್ಟು ಇರುವುದು ಮರೆತದ್ದಕ್ಕಲ್ಲ. ಸಾವಿರಾರು ಕನೆಕ್ಷನ್ ನೆನಪಿಟ್ಟುಕೊಳ್ಳೋಕೆ ಜಾಗ ಬೇಕು, ಹಳೆಯದನ್ನು ಬಿಡಲೇಬೇಕು. ಕನೆಕ್ಷನ್ ಮುಗಿಯಿತು ಅಂತ ತಿಳಿಸುವ ಒಂದು ರೀಸೆಟ್ ಪ್ಯಾಕೆಟ್ ಕಳಿಸಿದ್ದರೆ ಅಪ್ಲಿಕೇಶನ್ ಕ್ಷಣದಲ್ಲಿ ಹೊಸ ಕನೆಕ್ಷನ್ ತೆಗೆಯುತ್ತಿತ್ತು. ಕ್ಲೌಡ್‌ಗೆ ಹೋದರೆ ಈ ಕಾಟ ತಪ್ಪುತ್ತೆ ಅಂದುಕೊಂಡವರಿಗೆ ಒಂದು ಮಾತು: ಅಮೆಜಾನ್ ಕ್ಲೌಡ್‌ನಲ್ಲಿ ಹೊರಗಿನ ಸಂಪರ್ಕಕ್ಕೆ ಬಾಗಿಲಾದ ನ್ಯಾಟ್ ಗೇಟ್‌ವೇ 350 ಸೆಕೆಂಡ್‌ಗೇ ಮರೆಯುತ್ತೆ. ಆದರೆ ಆಮೇಲೆ ಬಂದವರ ಮುಖದ ಮೇಲೆ ರೀಸೆಟ್ ಎಸೆಯುತ್ತೆ. ಅಷ್ಟಾದರೂ ಪುಣ್ಯ.

ಹಾಗಿದ್ರೆ ಲಿನಕ್ಸ್ ಏನು ಮಾಡ್ತಿತ್ತು? ಸುಮ್ಮನಿರುವ ಕನೆಕ್ಷನ್ ಬದುಕಿದೆಯಾ ಅಂತ ಕೇಳೋಕೆ ಅದರಲ್ಲಿ ಕೀಪ್‌ಅಲೈವ್ ಇದೆ. ಆದರೆ ಅದು ಕೇಳುವುದು 7,200 ಸೆಕೆಂಡ್ ಆದ ಮೇಲೆ. ಎರಡು ಗಂಟೆ! ಇದರ ಮೂಲ 1989ರ ಆರ್‌ಎಫ್‌ಸಿ 1122, ಇಂಟರ್‌ನೆಟ್ ನಿಯಮಗಳ ಒಂದು ದಾಖಲೆ. ಡೀಫಾಲ್ಟ್ ಎರಡು ಗಂಟೆಗಿಂತ ಕಡಿಮೆ ಇರಕೂಡದು ಅಂತ ಅದರಲ್ಲಿ ಬರೆದಿದ್ದಾರೆ. ಪ್ಯಾಕೆಟ್ ಲೆಕ್ಕದಲ್ಲಿ ದುಡ್ಡು ಕೊಡುವ ಲೈನ್‌ಗಳೂ ಇದ್ದ ಕಾಲ ಅದು. ಅಂದಿನ ಜಿಪುಣತನವನ್ನು ದಾವಣಗೆರೆ ಮೇಡಂ ಇವತ್ತು ಅನುಭವಿಸುತ್ತಿದ್ದರು.

ಇಷ್ಟಾದ ಮೇಲೆ ಗಂಟುಗಳೆಲ್ಲ ಬಿಚ್ಚಿಕೊಂಡವು. ಒಂದು ಗಂಟೆಗೆ ಕೊನೆಯ ಬಿಲ್. ಎರಡಕ್ಕೆ ಫೈರ್‌ವಾಲ್ ಮರೆಯಿತು. 2:15ಕ್ಕೆ ಬಟನ್, 2:30ಕ್ಕೆ ಅಪ್ಲಿಕೇಶನ್ ಕೈಚೆಲ್ಲಿತು. ಡೇಟಾಬೇಸ್ ಮಾತ್ರ ಕೀಪ್‌ಅಲೈವ್‌ನ ಎರಡು ಗಂಟೆ ಕಳೆದು ಮೂರಕ್ಕೆ ಎದ್ದು, 75 ಸೆಕೆಂಡ್‌ಗೊಮ್ಮೆಯಂತೆ 9 ಸಲ ಕೂಗಿ, 3:11ಕ್ಕೆ ಸೂತಕ ಘೋಷಿಸಿತು. ಭಾನುವಾರವಿಡೀ ಖಾಲಿ ಕೂತಾಗ ಎರಡೂ ಕಡೆ ಈ ಕೂಗಾಟ ಮುಗಿದಿರುತ್ತೆ. ಅದಕ್ಕೇ ಸೋಮವಾರ ಕಾಯಿಸದೆ ಎರರ್.

ತುಮಕೂರು? ಅಲ್ಲಿನ ಸ್ಟೋರ್ ಕೀಪರ್ ಡಬ್ಬಿ ತಂದು ಸೀಟಿನಲ್ಲೇ ಊಟ ಮಾಡುವವರು. ಲಾರಿ ಎಂಟ್ರಿ ಬಂತಾ ಅಂತ ಎಡಗೈಯಲ್ಲಿ ಸ್ಕ್ರೀನ್ ರಿಫ್ರೆಶ್ ಮಾಡುವ ಎಫ್5 ಒತ್ತುತ್ತಾ, ಬಲಗೈಯಲ್ಲಿ ಚಿತ್ರಾನ್ನ ತಿನ್ನುತ್ತಿದ್ದರು. ಇಡೀ ಕಂಪನಿಯಲ್ಲಿ ಸರಿಯಾಗಿ ಕೆಲಸ ಮಾಡುತ್ತಿದ್ದ ಕೀಪ್‌ಅಲೈವ್ ಅವರೇ. ಈ ವಿಷಯ ಕೇಳಿದ ಗಿರಾಕಿ ಕಂಪನಿಯ ಮ್ಯಾನೇಜರ್, ಎಲ್ಲಾ ಗೋಡೌನ್‌ಗಳಲ್ಲೂ ಊಟದ ಹೊತ್ತಿಗೆ ಎಫ್5 ಒತ್ತಲು ಒಬ್ಬೊಬ್ಬರಿಗೆ ಡ್ಯೂಟಿ ಹಾಕಿ ಅಂತ ಮೇಲ್ ಕಳಿಸಿದರು. ತಮಾಷೆಗಲ್ಲ. ಡ್ಯೂಟಿ ಚಾರ್ಟ್ ಕೂಡ ಲಗತ್ತಿಸಿದ್ದರು.

ಫೈರ್‌ವಾಲ್ ಸಮಯ ಹೆಚ್ಚಿಸಿ ಅಂದರೆ ನೆಟ್‌ವರ್ಕ್‌ನವರು ಜಪ್ಪಯ್ಯ ಅನ್ನಲಿಲ್ಲ. ಕೊನೆಗೆ ಲಿನಕ್ಸ್‌ನಲ್ಲೇ ಕೀಪ್‌ಅಲೈವ್ ಸಮಯವನ್ನು 600 ಸೆಕೆಂಡ್‌ಗೆ ಇಳಿಸಿ, ಅಪ್ಲಿಕೇಶನ್ ರೀಸ್ಟಾರ್ಟ್ ಮಾಡಿದೆವು. ಒಂದೇ ಒಂದು ಸಾಲು. ಅದಕ್ಕೆ ಬೇಕಾದ ಚೇಂಜ್ ರಿಕ್ವೆಸ್ಟ್ ಮಾತ್ರ ಪುಟಗಟ್ಟಲೆ.

ಉಳಿದದ್ದು ಮೂಲ ಕಾರಣದ ವರದಿ. ಫೈರ್‌ವಾಲ್ ಅಂತ ಬರೆದರೆ ನೆಟ್‌ವರ್ಕ್‌ನವರು ಒಪ್ಪಲಿಲ್ಲ, ಅದು ಅದರ ಕೆಲಸ ಮಾಡಿದೆ ಅಂದರು. ಲಿನಕ್ಸ್ ಅಂದರೆ ಸರ್ವರ್ ಟೀಮಿನವರು 1989ಕ್ಕೆ ಬೆರಳು ತೋರಿಸಿದರು. ಅಪ್ಲಿಕೇಶನ್ ಅಂತ ಬರೆಯೋಕೆ ನಾವು ಬಿಡಲಿಲ್ಲ. ಕಾಲ್‌ನಲ್ಲಿ ಇಲ್ಲದವರು ಗೋಡೌನಿನವರು ಮಾತ್ರ. ಹಾಗಾಗಿ "ಬಳಕೆದಾರರು ಒಂದು ಗಂಟೆಗಿಂತ ಜಾಸ್ತಿ ಹೊತ್ತು ಸಿಸ್ಟಮ್ ಬಳಸದೇ ಇರುವುದು" ಅಂತ ಬರೆದೆವು. ಎಲ್ಲರೂ ತಕ್ಷಣ ಒಪ್ಪಿಗೆ ಕೊಟ್ಟರು. ಮ್ಯಾನೇಜರ್ ಮಾತ್ರ ವರದಿಯನ್ನು ಗಂಭೀರವಾಗಿ ಓದಿ, ಕೆಳಗೊಂದು ಪ್ರಶ್ನೆ ಹಾಕಿ ವಾಪಸ್ ಕಳಿಸಿದರು: "ಊಟಾನ 50 ನಿಮಿಷಕ್ಕೆ ಮುಗಿಸೋಕೆ ಹೇಳಿದ್ರೆ ಸಾಕಿತ್ತಲ್ವಾ?"